ಕುಯ್ಲು ಆಯ್ತಾ?

ಜನವರಿಯಲ್ಲಿ ಚಿಕ್ಕಮಗಳೂರು ಪೇಟೆಯಲ್ಲಿ ಪರಿಚಯದವರು ಎದುರಾದರೆ ಮೊದಲು ಬರುವ ಮಾತು 'ಕುಯ್ಲು ಆಯ್ತಾ?' ಆರೋಗ್ಯ, ರೇಟು, ಮಕ್ಕಳ ಓದು ಎಲ್ಲ ಆಮೇಲೆ. ಅರೇಬಿಕಾ ಮುಗಿಯುವ ಹಂತ, ರೋಬಸ್ಟಾ ಶುರುವಾಗುವ ಹೊತ್ತು. ಕೇಳಿದ್ದು ಎರಡೇ ಪದ. ಯಾರು ಕುಯ್ದರು ಅಂತ ಅದರಲ್ಲಿಲ್ಲ. ಕಾಫಿ ಅನ್ನುವ ಪದ ಕೂಡ ಇಲ್ಲ. ಆದರೂ ಎಲ್ಲ ಅರ್ಥವಾಗುತ್ತದೆ.

ಹೋದ ಸಂಕ್ರಾಂತಿಗೆ ಅಕ್ಕನ ಮಗಳು ನಮ್ಮಲ್ಲಿಗೆ ಬಂದಿದ್ದಳು. ಹತ್ತನೇ ಕ್ಲಾಸು. ಕಣದಲ್ಲಿ ಹಣ್ಣು ಹರಡಿದ್ದೆವು. ಪಕ್ಕದ ಕಟ್ಟೆ ಮೇಲೆ ಕೂತು ಇಂಗ್ಲಿಷ್ ಗ್ರಾಮರ್ ನೋಟ್ಸ್ ತಿರುವುತ್ತಿದ್ದಳು. ಒಂದು ಪುಟದ ತುಂಬ ಗೆರೆ ಎಳೆದ ಪಟ್ಟಿ: ಎಂಟು ಕಾಲ, ಎಂಟು ಸೂತ್ರ, ಪ್ಯಾಸಿವ್ ವಾಯ್ಸ್, ಅಂದರೆ ನಮ್ಮ ಕರ್ಮಣಿ ಪ್ರಯೋಗ.

"ಎಂಟೂ ಬಾಯಿಪಾಠ ಆಗಿದೆ ಚಿಕ್ಕಮ್ಮ. ಆದ್ರೆ 'ಕುಯ್ಲು ಆಯ್ತಾ' ಅನ್ನೋದನ್ನ ಇಂಗ್ಲಿಷಲ್ಲಿ ಹೇಳೋಕೆ ಹೋದ್ರೆ ಒಂದೂ ಬರ್ತಿಲ್ಲ."

ಅವಳು ಬರೆದಿದ್ದು 'ಪಿಕಿಂಗ್ ಬಿಕಮ್?' ಅಂತ. ತಪ್ಪು ನಿಜ. ಆದರೆ ದಡ್ಡತನದ ತಪ್ಪಲ್ಲ. ಕನ್ನಡದ 'ಆಗು' ಅನ್ನುವುದನ್ನು ಹಾಗೇ ಎತ್ತಿಕೊಂಡು ಹೋಗಿ ಇಂಗ್ಲಿಷಿನೊಳಗೆ ಇಟ್ಟಿದ್ದಳು. ಇಂಗ್ಲಿಷಿಗೂ ಒಂದು ಕಾಲದಲ್ಲಿ ಅಂಥದ್ದೇ ಒಂದು ಪದ ಇತ್ತು. ಅದಕ್ಕೆ ಆಮೇಲೆ ಬರ್ತೀನಿ. ಮೊದಲು ಆ ಎಂಟು ಸೂತ್ರ.

ಎಂಟು ಅನ್ನುವುದೇ ಸರಿಯಲ್ಲ. ಇರುವುದು ಒಂದೇ. 'ದೇ ಪಿಕ್ ದ ಕಾಫಿ' ಅನ್ನುವ ವಾಕ್ಯ ತೆಗೆದುಕೊಳ್ಳಿ. ಇದರಲ್ಲಿ ಕಾಫಿಯನ್ನು ಮುಂದಕ್ಕೆ ತರಬೇಕು. ಆಗ ಪಿಕ್ ಅನ್ನುವ ಕ್ರಿಯಾಪದ ತನ್ನ ಮೂರನೇ ರೂಪಕ್ಕೆ, ಅಂದರೆ ಪಿಕ್ಡ್‌ಗೆ ಹೋಗಿ ಅಲ್ಲೇ ಕೂತುಬಿಡುತ್ತದೆ. ಕಾಲ ಯಾವುದೇ ಬರಲಿ, ಇನ್ನು ಅದು ಬದಲಾಗುವುದಿಲ್ಲ. ಅದರ ಮುಂದೆ 'ಬಿ' ಬಂದು ನಿಲ್ಲುತ್ತದೆ. ಬಿ ಅಂದರೆ ನಮ್ಮ 'ಇರು'. ಆಮ್, ಈಸ್, ಆರ್, ವಾಸ್, ವರ್, ಬೀಯಿಂಗ್, ಬೀನ್ ಎಲ್ಲವೂ ಇದೇ ಒಂದು ಪದದ ವೇಷಗಳು. ಪಿಕ್ ಅಲ್ಲಿಯವರೆಗೆ ಹೊತ್ತಿದ್ದ ಕಾಲದ ಹೊರೆ ಈಗ ಬಿ ಹೆಗಲಿಗೆ ಹೋಗುತ್ತದೆ. ಹೆಗಲು ಬದಲಾಯಿತು, ಹೊರೆ ಅದೇ.

ಒಂದೊಂದಾಗಿ ನೋಡೋಣ. 'ಪಿಕ್' ಅಂತ ವರ್ತಮಾನದಲ್ಲಿದ್ದರೆ ಬಿ ಕೂಡ ವರ್ತಮಾನಕ್ಕೆ ಬಂದು 'ಈಸ್ ಪಿಕ್ಡ್'. ಭೂತಕಾಲದ 'ಪಿಕ್ಡ್' ಇದ್ದರೆ 'ವಾಸ್ ಪಿಕ್ಡ್'. 'ವಿಲ್ ಪಿಕ್' ಇದ್ದರೆ ವಿಲ್ ಆದಮೇಲೆ ಬಿ ಬರಿಯ ರೂಪದಲ್ಲಿ ನಿಂತು 'ವಿಲ್ ಬಿ ಪಿಕ್ಡ್'. ಇಷ್ಟು ಮಕ್ಕಳಿಗೆ ಬೇಗ ಬರುತ್ತದೆ. ಎಡವುವುದು ಮುಂದೆ. 'ಆರ್ ಪಿಕಿಂಗ್' ಅನ್ನುವಲ್ಲಿ ಪಿಕ್ ಮೈಮೇಲೆ 'ಇಂಗ್' ಇದೆ. ಆ ಇಂಗ್ ಎಲ್ಲಿಗೆ ಹೋಗಬೇಕು? ಬಿ ಮೇಲೆ. ಅದಕ್ಕೇ 'ಬೀಯಿಂಗ್'. ವಾಕ್ಯ 'ದ ಕಾಫಿ ಈಸ್ ಬೀಯಿಂಗ್ ಪಿಕ್ಡ್' ಆಗುತ್ತದೆ. ಮುಂದೆ ಕೂತಿದ್ದು ಈಗ ಕಾಫಿ, ಏಕವಚನ. ಅದಕ್ಕೆ ಆರ್ ಹೋಗಿ ಈಸ್ ಬಂತು. ಭೂತಕಾಲಕ್ಕೆ 'ವಾಸ್ ಬೀಯಿಂಗ್ ಪಿಕ್ಡ್'. ಇನ್ನು 'ಹ್ಯಾವ್ ಪಿಕ್ಡ್'. ಹ್ಯಾವ್ ತನ್ನ ಪಕ್ಕದಲ್ಲಿ ಯಾವಾಗಲೂ ಮೂರನೇ ರೂಪವನ್ನೇ ಕೇಳುತ್ತದೆ. ಬಿ ಪದದ ಮೂರನೇ ರೂಪ ಬೀನ್. ಹಾಗಾಗಿ 'ಹ್ಯಾಸ್ ಬೀನ್ ಪಿಕ್ಡ್', 'ಹ್ಯಾಡ್ ಬೀನ್ ಪಿಕ್ಡ್', 'ವಿಲ್ ಹ್ಯಾವ್ ಬೀನ್ ಪಿಕ್ಡ್'. ಎಂಟೂ ಮುಗಿಯಿತು.

1957ರಲ್ಲಿ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ ಇಂಗ್ಲಿಷಿನ ಸಹಾಯಕ ಕ್ರಿಯಾಪದಗಳ ಈ ಸಾಲನ್ನು ಒಂದೇ ಒಂದು ನಿಯಮದಲ್ಲಿ ಬರೆದು ತೋರಿಸಿದರು. ಹ್ಯಾವ್ ಜೊತೆ ಒಂದು ಪ್ರತ್ಯಯ ಬರುತ್ತದೆ, ಬಿ ಜೊತೆ ಒಂದು ಬರುತ್ತದೆ. ಆ ಪ್ರತ್ಯಯ ಅಲ್ಲೇ ಅಂಟಿಕೊಳ್ಳುವುದಿಲ್ಲ, ಹಾರಿ ಪಕ್ಕದ ಪದದ ಬಾಲಕ್ಕೆ ಸೇರುತ್ತದೆ. ಪಟ್ಟಿಯಂತೆ ಕಾಣುವ ಎಂಟು ಸಾಲುಗಳ ಹಿಂದೆ ಇರುವುದು ಇದೊಂದೇ ಚಲನೆ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟರೆ ಬಾಯಿಪಾಠದ ಕಷ್ಟ ಎಷ್ಟೋ ಕಮ್ಮಿಯಾಗುತ್ತದೆ ಅಂತ ನನ್ನ ಗಟ್ಟಿ ನಂಬಿಕೆ.

ಪಿಕ್ ಪದದಲ್ಲಿ ಒಂದು ತೊಡಕಿದೆ. ಅದರ ಎರಡನೇ ರೂಪ, ಮೂರನೇ ರೂಪ ಎರಡೂ ಪಿಕ್ಡ್. ಯಾವುದು ಯಾವುದು ಅಂತ ಕಣ್ಣಿಗೆ ಕಾಣುವುದಿಲ್ಲ. ಅಭ್ಯಾಸಕ್ಕೆ ಟೇಕ್, ಟುಕ್, ಟೇಕನ್ ಒಳ್ಳೆಯದು. 'ವಾಸ್ ಟುಕ್' ಅಂದ ಕೂಡಲೇ ತಪ್ಪು ಕಿವಿಗೆ ಬೀಳುತ್ತದೆ.

ಶಾಲೆಯಲ್ಲಿ ಹೇಳಿಕೊಡುವ ಕಾಲ ಹನ್ನೆರಡು. ಪ್ಯಾಸಿವ್ ಎಂಟಕ್ಕೇ ನಿಲ್ಲುತ್ತದೆ. ಉಳಿದ ನಾಲ್ಕರಲ್ಲಿ 'ವಿಲ್ ಬಿ ಬೀಯಿಂಗ್', 'ಹ್ಯಾಸ್ ಬೀನ್ ಬೀಯಿಂಗ್' ಅಂತ ಎರಡು ಬಿ ಒಂದರ ಹಿಂದೆ ಒಂದು ಬರುತ್ತವೆ. ನಿಯಮದ ಪ್ರಕಾರ ತಪ್ಪಲ್ಲ, ಆದರೆ ಇಂಗ್ಲಿಷ್ ಮಾತಾಡುವವರೇ ಅದನ್ನು ತಪ್ಪಿಸಿಕೊಂಡು ಓಡಾಡುತ್ತಾರೆ. 'ಈಸ್ ಬೀಯಿಂಗ್' ಕೂಡ ಹಳೆಯದೇನಲ್ಲ. ಅದು ಬಳಕೆಗೆ ಬಂದಿದ್ದು 18ನೇ ಶತಮಾನದ ಕೊನೆಯ ಹೊತ್ತಿಗೆ. ಅದಕ್ಕೆ ಮುಂಚೆ ಮನೆ ಕಟ್ಟುತ್ತಿದ್ದರೆ 'ದ ಹೌಸ್ ಈಸ್ ಬಿಲ್ಡಿಂಗ್' ಅನ್ನುತ್ತಿದ್ದರು. ಹೊಸ ರೂಪ ಬಂದಾಗ 19ನೇ ಶತಮಾನದ ವ್ಯಾಕರಣದವರು ಎಷ್ಟೋ ಜನ ಅದನ್ನು ಕೆಟ್ಟ ಇಂಗ್ಲಿಷ್ ಅಂತ ಬೈದರು. ಇವತ್ತು ಅದು ಹತ್ತನೇ ಕ್ಲಾಸಿನ ಪ್ರಶ್ನೆಪತ್ರಿಕೆಯಲ್ಲಿದೆ.

ಈಗ ಆ 'ಆಗು' ವಿಷಯ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಪ್ಯಾಸಿವ್ ಮಾಡುವುದಕ್ಕೆ ಎರಡು ದಾರಿ ಇದ್ದವು. ಒಂದು 'ಇರು' ಅನ್ನುವ ಪದದಿಂದ. ಇನ್ನೊಂದು 'ವೆಯೋರ್ಥನ್' ಅನ್ನುವ ಪದದಿಂದ. ಅದರ ಅರ್ಥ 'ಆಗು'! ಜರ್ಮನ್ ಭಾಷೆಯಲ್ಲಿ ಅದರ ಬಂಧು 'ವೆರ್ಡನ್' ಈಗಲೂ ಇದೆ, ಅಲ್ಲಿ ಪ್ಯಾಸಿವ್ ಆಗುವುದು ಅದರಿಂದಲೇ. ಇಂಗ್ಲಿಷಿನಲ್ಲಿ ಮಾತ್ರ ಆ ಪದ ಮಧ್ಯಯುಗದಲ್ಲಿ ಸವೆದು ಹೋಯಿತು. ಇದನ್ನು ಹೇಳಿದಾಗ ಹುಡುಗಿಯ ಮುಖ ಅರಳಿತು. ಅವಳ 'ಬಿಕಮ್' ಸಾವಿರ ವರ್ಷ ತಡವಾಗಿ ಬಂದಿತ್ತು ಅಷ್ಟೇ.

ಇಷ್ಟೆಲ್ಲ ಒದ್ದಾಟ ಇಂಗ್ಲಿಷಿಗೆ ಯಾಕೆ ಬೇಕು? ಸಕಲೇಶಪುರ, ಆಲೂರಿನ ಕಡೆ ದಿನ ಬೆಳಗಾದರೆ ಕೇಳುವ ಮಾತೊಂದನ್ನು ತೆಗೆದುಕೊಳ್ಳೋಣ. 'ಆನೆ ಬೇಲಿಯನ್ನು ಮುರಿಯಿತು.' ಇದನ್ನೇ 'ಬೇಲಿಯನ್ನು ಆನೆ ಮುರಿಯಿತು' ಅನ್ನಬಹುದು. 'ಮುರಿಯಿತು ಬೇಲಿಯನ್ನು ಆನೆ' ಅಂದರೂ ಗೊಂದಲವಿಲ್ಲ. 'ಅನ್ನು' ಅನ್ನುವ ವಿಭಕ್ತಿ ಬೇಲಿಗೆ ಅಂಟಿಕೊಂಡೇ ಇರುತ್ತದೆ, ಬೇಲಿ ಎಲ್ಲಿ ಹೋದರೂ ಅದು ಜೊತೆಗೇ ಹೋಗುತ್ತದೆ. ಬೇಲಿಯ ಬಗ್ಗೆ ಮಾತಾಡಬೇಕು ಅಂದರೆ ಬೇಲಿಯನ್ನು ಮುಂದಿಟ್ಟರೆ ಆಯಿತು. ಇಂಗ್ಲಿಷಿನಲ್ಲಿ ಹಾಗಾಗದು. ಅಲ್ಲಿ ಯಾರು ಮಾಡಿದರು, ಯಾವುದಕ್ಕೆ ಆಯಿತು ಅನ್ನುವುದನ್ನು ಹೇಳುವುದು ಪದದ ಜಾಗ. ಎಲಿಫೆಂಟ್, ಫೆನ್ಸ್ ಎರಡನ್ನೂ ಅದಲು ಬದಲು ಮಾಡಿದರೆ ಬೇಲಿಯೇ ಆನೆಯನ್ನು ಮುರಿದ ಹಾಗಾಗುತ್ತದೆ. ಬೇಲಿ ಮುಂದೆ ಬರಬೇಕು, ಅರ್ಥವೂ ಕೆಡಬಾರದು ಅಂದರೆ ಕ್ರಿಯಾಪದವನ್ನೇ ತಿರುಗಿಸಬೇಕು. ಪ್ಯಾಸಿವ್ ಮಾಡುವ ಕೆಲಸ ಅದು.

ಕಾಫಿಯ ಕಥೆಯನ್ನೇ ಹೇಳಿ ನೋಡಿ. ಬಾಬಾ ಬುಡನ್ ಯೆಮೆನ್‌ನಿಂದ ಏಳು ಬೀಜ ತಂದರು ಅಂತ ನಮ್ಮಲ್ಲಿ ಪ್ರತೀತಿ. ಅವನ್ನು ಗಿರಿಯಲ್ಲಿ ನೆಟ್ಟರು. ಆಮೇಲೆ ತೋಟ ಮಾಡಿದರು, 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಶುರು ಮಾಡಿದರು. ಪ್ರತಿ ವಾಕ್ಯದಲ್ಲೂ ಮಾಡಿದವರು ಬೇರೆ, ಕಥೆ ಮಾತ್ರ ಕಾಫಿಯದು. ಕನ್ನಡದಲ್ಲಿ ಕರ್ತೃಪದ ಬಿಟ್ಟು 'ನೆಟ್ಟರು, ಮಾಡಿದರು' ಅಂತ ಸುಮ್ನೆ ಸಾಗಬಹುದು. ಇಂಗ್ಲಿಷಿನಲ್ಲಿ ಕರ್ತೃವಿನ ಜಾಗ ಖಾಲಿ ಬಿಡುವಂತಿಲ್ಲ. ಆ ಜಾಗದಲ್ಲಿ ಕಾಫಿಯನ್ನೇ ಕೂರಿಸಿ 'ವಾಸ್ ಬ್ರಾಟ್, ವಾಸ್ ಪ್ಲಾಂಟೆಡ್' ಅನ್ನುತ್ತಾರೆ. ಶಾಲೆಯಲ್ಲಿ ಕಡ್ಡಾಯ ಅನ್ನುವ ಹಾಗೆ ಕೊನೆಗೆ 'ಬೈ' ಸೇರಿಸಿ ಮಾಡಿದವರ ಹೆಸರು ಬರೆಸುತ್ತಾರೆ. ನಿಜವಾದ ಬಳಕೆಯಲ್ಲಿ ಪ್ಯಾಸಿವ್ ವಾಕ್ಯಗಳ ಬಹುಪಾಲಿಗೆ ಆ ಬೈ ಇರುವುದೇ ಇಲ್ಲ.

ತಿರುಗಿಸಿದ ವಾಕ್ಯವನ್ನು ಬಿಡಿಸಿಕೊಳ್ಳುವುದು ಮನಸ್ಸಿಗೆ ಸುಲಭವೇನಲ್ಲ. 1966ರಲ್ಲಿ ಭಾಷೆಯ ಮನೋವಿಜ್ಞಾನಿ ಡ್ಯಾನ್ ಸ್ಲೋಬಿನ್ ಇದನ್ನು ಮಕ್ಕಳಲ್ಲೂ ದೊಡ್ಡವರಲ್ಲೂ ಪರೀಕ್ಷೆ ಮಾಡಿದರು. ನಾಯಿ ಬೆಕ್ಕು ಅಟ್ಟಿಸಿಕೊಂಡು ಹೋಗುವ ಥರದ, ಯಾರು ಯಾರನ್ನು ಬೇಕಾದರೂ ಓಡಿಸಬಹುದಾದ ವಾಕ್ಯಗಳಲ್ಲಿ ಪ್ಯಾಸಿವ್ ಕಷ್ಟವಾಯಿತು. ಹೂವಿಗೆ ನೀರು ಹಾಕುವ ಥರದ್ದರಲ್ಲಿ ಅಷ್ಟು ಕಷ್ಟವಾಗಲಿಲ್ಲ. ಹೂವು ಯಾರಿಗೂ ನೀರು ಹಾಕುವುದಿಲ್ಲ, ಅಲ್ವಾ? 2003ರಲ್ಲಿ ಅದೇ ಕ್ಷೇತ್ರದ ಫರ್ನಾಂಡಾ ಫೆರೇರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 'ನಾಯಿಗೆ ಮನುಷ್ಯ ಕಚ್ಚಿದ' ಅನ್ನುವ ಅರ್ಥದ ಪ್ಯಾಸಿವ್ ವಾಕ್ಯ ಕೇಳಿದ ದೊಡ್ಡವರು, ಇಂಗ್ಲಿಷ್ ಚೆನ್ನಾಗಿ ಬಲ್ಲವರೇ, ಎಷ್ಟೋ ಸಲ ಕಚ್ಚಿದ್ದು ನಾಯಿ ಅಂದುಕೊಂಡರು. ಮೊದಲು ಬಂದ ಹೆಸರನ್ನೇ ಮಾಡಿದವರು ಅಂತ ಹಿಡಿಯುವುದು ಮನಸ್ಸಿನ ರೂಢಿ.

ಹಾಗಂತ ಪ್ಯಾಸಿವ್ ಮಕ್ಕಳ ಕೈಗೆ ಸಿಗದ ವಸ್ತು ಅಂತಲ್ಲ. ದಕ್ಷಿಣ ಆಫ್ರಿಕಾದ ಕಡೆಯ ಸೆಸೋಥೋ ಭಾಷೆಯಲ್ಲಿ ಮನೆಮಾತಿನಲ್ಲೇ ಪ್ಯಾಸಿವ್ ಜಾಸ್ತಿ. ಅಲ್ಲಿನ ಮಕ್ಕಳು ಮೂರು ವರ್ಷ ತುಂಬುವ ಮೊದಲೇ ಅದನ್ನು ಸಲೀಸಾಗಿ ಬಳಸುತ್ತಾರೆ ಅಂತ ಭಾಷಾವಿಜ್ಞಾನಿ ಕ್ಯಾಥರೀನ್ ಡೆಮುತ್ 1989ರಲ್ಲಿ ತೋರಿಸಿದರು. ಕಿವಿಗೆ ಬಿದ್ದಷ್ಟು ಬಾಯಿಗೆ ಬರುತ್ತದೆ. ನಮ್ಮ ಮಕ್ಕಳ ಕಿವಿಗೆ ಅದು ಬಿದ್ದೇ ಇರುವುದಿಲ್ಲ.

ಕನ್ನಡದಲ್ಲೂ ಕರ್ಮಣಿ ಪ್ರಯೋಗ ಇದೆ. ರಾವಣನು ರಾಮನಿಂದ ಕೊಲ್ಲಲ್ಪಟ್ಟನು ಅಂತ ಎಲ್ಲರೂ ಓದಿದ್ದೇವೆ. ಆದರೆ ಕಥೆ ಹೇಳುವ ಅಜ್ಜಿ ಯಾವತ್ತೂ ಹಾಗೆ ಹೇಳಲಿಲ್ಲ. ಅದರಲ್ಲಿರುವ 'ಪಡು' ಬಹಳ ಹಳೆಯ ಪದ. ಕಷ್ಟಪಡು, ಭಯಪಡು, ಸಂತೋಷಪಡು ಅನ್ನುವಲ್ಲಿ ಇರುವುದೂ ಅದೇ. ಸೂರ್ಯ ಮುಳುಗುವುದಕ್ಕೂ ಪಡು ಅನ್ನುತ್ತಿದ್ದರು, ಪಡುವಣ ಬಂದಿದ್ದು ಅದರಿಂದ. ತನ್ನ ಮೇಲೆ ಏನೋ ಬಂದಿದ್ದನ್ನು ಅನುಭವಿಸುವ ಪದವೇ ಕರ್ಮಣಿಯ ಗುರುತಾಯಿತು. ಪೇಪರಿನಲ್ಲಿ ಓದುವುದು ಇನ್ನೊಂದು: 'ಕಳ್ಳನನ್ನು ಬಂಧಿಸಲಾಯಿತು.' ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಳ್ಳನಿಗೆ 'ಅನ್ನು' ಹಾಗೇ ಉಳಿದಿದೆ. ಅವನು ಕರ್ತೃವಿನ ಜಾಗಕ್ಕೆ ಏರಲೇ ಇಲ್ಲ. ಕರ್ತೃ ಎದ್ದು ಹೋದರು, ಆ ಕುರ್ಚಿ ಖಾಲಿಯಾಗಿಯೇ ಇದೆ. ಇಂಗ್ಲಿಷ್ ಪ್ಯಾಸಿವ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ಮನೆಯಲ್ಲಿ ಮಾತ್ರ ನಮಗೆ ಇವೆರಡೂ ಬೇಡ. ಗಡಿಗೆಯನ್ನು ಒಡೆದ, ಗಡಿಗೆ ಒಡೆಯಿತು. ಪದ ಒಂದೇ, ಕೆಲಸ ಎರಡು. ಬೇಯಿಸು ಇದ್ದಲ್ಲಿ ಬೇಯು ಇದೆ, ಬೀಳಿಸು ಇದ್ದಲ್ಲಿ ಬೀಳು ಇದೆ. ಎಲ್ಲಕ್ಕಿಂತ ಮೇಲೆ ಮಾಡು, ಆಗು ಅನ್ನುವ ಜೋಡಿ ಇದೆ. ಅಡುಗೆ ಆಯ್ತಾ, ಮದುವೆ ಆಯ್ತಾ, ಕುಯ್ಲು ಆಯ್ತಾ.

ಹಬ್ಬ ಮುಗಿದ ಮೇಲೆ ಹುಡುಗಿಯನ್ನು ಹಲ್ಮಿಡಿಗೆ ಕರೆದುಕೊಂಡು ಹೋದೆ. ಬೇಲೂರು ತಾಲ್ಲೂಕು, ನಮಗೆ ದೂರವೇನಿಲ್ಲ. ಸುಮಾರು 450ನೇ ಇಸವಿಯದು ಅನ್ನುವ ಕನ್ನಡ ಶಾಸನ ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರಿಗೆ 1936ರಲ್ಲಿ ಸಿಕ್ಕಿದ್ದು ಇದೇ ಊರಿನಲ್ಲಿ. ಮೂಲ ಕಲ್ಲು ಈಗ ಅಲ್ಲಿಲ್ಲ, ಪ್ರತಿಕೃತಿ ನಿಲ್ಲಿಸಿದ್ದಾರೆ. ನಾನು ಅವಳಿಗೆ ತೋರಿಸಬೇಕು ಅಂದುಕೊಂಡಿದ್ದು ಅದರಲ್ಲಿನ ಎರಡು ಪದ. ಒಬ್ಬ ವೀರನನ್ನು ಹೊಗಳುತ್ತಾ ಶಾಸನ 'ಪಶುಪತಿಯೆಂದು ಪೊಗಳೆಪ್ಪೊಟ್ಟಣ' ಅನ್ನುತ್ತದೆ. ಪಶುಪತಿಯೆಂದು ಹೊಗಳಲ್ಪಟ್ಟವನು! ಅದೇ ಪಡು, ಅಷ್ಟು ಹಿಂದೆಯೇ. ಹೊಗಳಿದವರು ಯಾರು ಅಂತ ಅಲ್ಲಿಲ್ಲ, ಬೇಕಾಗಿಯೂ ಇಲ್ಲ. ಮುಂದೆ ಯುದ್ಧ ಗೆದ್ದ ವಿಜ ಅರಸನಿಗೆ ಪಲ್ಮಡಿ, ಮೂಳಿವಳ್ಳಿ ಅನ್ನುವ ಎರಡು ಊರು ಕೊಡುವ ಮಾತು ಬರುತ್ತದೆ. ಆ ಪಲ್ಮಡಿಯೇ ಈಗಿನ ಹಲ್ಮಿಡಿ. ಅಲ್ಲಿ ಕ್ರಿಯಾಪದ ನೇರವಾಗಿದೆ: 'ಕೊಟ್ಟಾರ್'. ದಾನ ಕೊಟ್ಟವರು ಯಾರು ಅನ್ನುವುದು ಮುಚ್ಚಿಡುವ ವಿಷಯವಲ್ಲ.

"ಈ ಕೊಟ್ಟಾರ್‌ನ ಪ್ಯಾಸಿವ್ ಮಾಡು ನೋಡೋಣ" ಅಂದೆ.

ಕಲ್ಲಿನ ಮುಂದೆ ನಿಂತೇ ಯೋಚನೆ ಮಾಡಿದಳು. ಊರುಗಳನ್ನು ಮುಂದಿಟ್ಟು 'ಟೂ ವಿಲೇಜಸ್ ವರ್ ಗಿವನ್ ಟು ವಿಜ ಅರಸ' ಅಂದಳು. ಸರಿ ಇತ್ತು. ಇನ್ನೊಂದು ದಾರಿಯೂ ಇದೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು, ಅನುಮಾನದಲ್ಲೇ, 'ವಿಜ ಅರಸ ವಾಸ್ ಗಿವನ್ ಟೂ ವಿಲೇಜಸ್' ಅಂದಳು. ಅದೂ ಸರಿ. ಇಂಗ್ಲಿಷಿನಲ್ಲಿ ಕೊಟ್ಟ ವಸ್ತುವೂ ಮುಂದೆ ಕೂರಬಹುದು, ಪಡೆದವನೂ ಕೂರಬಹುದು.

"ಹಾಗಾದ್ರೆ ಕನ್ನಡದಲ್ಲಿ?" ಅಂತ ಅವಳೇ ಕೇಳಿಕೊಂಡಳು. ಊರುಗಳು ಕೊಡಲ್ಪಟ್ಟವು, ಇದು ಆಗುತ್ತದೆ. ವಿಜ ಅರಸನು ಕೊಡಲ್ಪಟ್ಟನು ಅಂದು ನೋಡಿ, ತಕ್ಷಣ ತಲೆ ಅಲ್ಲಾಡಿಸಿದಳು. "ಇಲ್ಲ ಚಿಕ್ಕಮ್ಮ, ಹಾಗಂದ್ರೆ ಅರಸನನ್ನೇ ಯಾರಿಗೋ ಕೊಟ್ಟ ಹಾಗಾಯ್ತು."