ಬೋದಿಗೆಯ ಪಕ್ಕದಲ್ಲೊಂದು ಕಮಾನು

ಹಳೆಯ ವಾಡೆಗಳ, ಅಂದರೆ ದೊಡ್ಡ ಮನೆತನಗಳ ಮನೆಗಳ, ದುರಸ್ತಿಗೆ ಹೋದಾಗಲೆಲ್ಲ ಮನೆಯವರು ಮೊದಲು ಕೇಳುವ ಪ್ರಶ್ನೆ ಒಂದೇ: "ಸಾಹೇಬರೇ, ಇದು ಯಾವ ಶೈಲಿ?" ಕಳೆದ ಬೇಸಿಗೆಯಲ್ಲಿ ಕಲಬುರಗಿಯ ಯಜಮಾನರೊಬ್ಬರು ಹೀಗೆ ಕೇಳಿದಾಗ ಅವರನ್ನು ಪಡಸಾಲೆಗೆ ಕರೆದುಕೊಂಡು ಹೋದೆ. ಸಾಗುವಾನಿ ಕಂಬ, ಅದರ ತಲೆಯ ಮೇಲೆ ಎರಡೂ ಕಡೆ ಚಾಚಿದ ಬೋದಿಗೆ, ಗುಡಿಯ ಕಲ್ಲುಕಂಬದ್ದೇ ಆಕಾರ. ಕಂಬದಿಂದ ಕಂಬಕ್ಕೆ ತೆಳುವಾದ ಹಲಗೆಯ ಕಮಾನು, ಅಂಚಿಗೆಲ್ಲ ಹೂದಳದಂತಹ ಕೆತ್ತನೆ. ತಟ್ಟಿ ನೋಡಿ ಎಂದೆ. ಟೊಳ್ಳು ಸದ್ದು ಬಂತು. ಮಾಳಿಗೆಯ ಭಾರ ಹೊತ್ತಿದ್ದು ಬೋದಿಗೆ ಮತ್ತು ತೊಲೆ; ಕಮಾನು ಕಣ್ಣಿನ ಸೊಗಸಿಗೆ. "ಇವೆರಡರಲ್ಲಿ ಯಾವುದನ್ನು ನಿಮ್ಮದಲ್ಲ ಎಂದು ಕಿತ್ತು ಹಾಕುತ್ತೀರಿ?" ಎಂದು ಕೇಳಿದೆ.

ಗುಡಿಯ ಬೋದಿಗೆ ಮತ್ತು ಹೊರಗಿನಿಂದ ಬಂದ ಕಮಾನು ಮರದಲ್ಲಿ ಮಾಡಿಕೊಂಡಿರುವ ಈ ಹೊಂದಾಣಿಕೆಯನ್ನು ಕಲ್ಲಿನಲ್ಲಿ ನೋಡಬೇಕೆಂದರೆ ಕಲಬುರಗಿಯಲ್ಲಿ ಬಹಮನಿ ಸುಲ್ತಾನರ ಗೋರಿಗಳಿರುವ ಹಫ್ತ್ ಗುಂಬಜ್‌ಗೆ ಹೋಗಬೇಕು. 1347ರಲ್ಲಿ ಬಹಮನಿ ರಾಜ್ಯ ಕಟ್ಟಿದ ಅಲಾವುದ್ದೀನ್ ಹಸನ್ 1358ರಲ್ಲಿ ತೀರಿಕೊಂಡ. ಕಲಬುರಗಿ ಕೋಟೆಯ ಪಶ್ಚಿಮಕ್ಕೆ ಬೇರೆಯಾಗಿಯೇ ಇರುವ ಅವನ ಗೋರಿಯದು ಒಳಕ್ಕೆ ವಾಲಿದ ದಪ್ಪ ಗೋಡೆ, ತಗ್ಗಾದ ಗುಮ್ಮಟ; ದೆಹಲಿಯ ತುಘಲಕ್ ಕಟ್ಟಡವೊಂದು ಇಲ್ಲಿಗೆ ನಡೆದು ಬಂದಂತಿದೆ. ಹಫ್ತ್ ಗುಂಬಜ್‌ನಲ್ಲಿ, 1422ರಲ್ಲಿ ತೀರಿಕೊಂಡ ಸುಲ್ತಾನ ಫಿರೋಜ್ ಷಾನ ಗೋರಿಯ ಮುಂದೆ ನಿಂತು ತಲೆ ಎತ್ತಿದರೆ, ಹೊರಚಾಚಿದ ಸೂರು, ಅಂದರೆ ಛಜ್ಜಾದ ಕೆಳಗೆ ಕೆತ್ತಿದ ಕಲ್ಲಿನ ಆಸರೆಗಳು ಸಾಲಾಗಿವೆ. ಅವು ಗುಡಿಯ ಕೆಲಸ. ಕಲ್ಯಾಣದ ಚಾಲುಕ್ಯರ ಕಾಲದಿಂದ ತಂದೆಯಿಂದ ಮಗನಿಗೆ ಬಂದ ಕೈ ಅದು ಎಂದೇ ನನ್ನ ನಂಬಿಕೆ. ಅರವತ್ತು ಚಿಲ್ಲರೆ ವರ್ಷಗಳಲ್ಲಿ ಹೊರಗಿನ ಕಟ್ಟಡ ನಮ್ಮೂರಿನದಾಯಿತು.

ಬಹಮನಿಗಳ ಮುಂದಿನ ರಾಜಧಾನಿ ಬೀದರಿನ ಕಥೆಯನ್ನು ಅಲ್ಲಿನ ನೆಲವೇ ಬರೆದಿದೆ. ಊರು ನಿಂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಅಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕೆಂಪು ಕಲ್ಲಿನ ಮೈಯೆಲ್ಲ ತೂತು. ನಯವಾದ ಕೆತ್ತನೆಗೆ ಒಗ್ಗುವುದಿಲ್ಲ. ಹಾಗಾಗಿ ಪರ್ಷಿಯಾದಿಂದ ಬಂದ ಬಣ್ಣದ ಹೆಂಚು ಮತ್ತು ಗಚ್ಚಿನ, ಅಂದರೆ ಸುಣ್ಣದ ಗಾರೆಯ, ಕುಸುರಿ ಇಲ್ಲಿ ಅಷ್ಟು ಸಲೀಸಾಗಿ ನೆಲೆಯೂರಿದವು ಎನ್ನುವುದು ನನ್ನ ಎಣಿಕೆ. ಬಹಮನಿ ಮಂತ್ರಿ ಮಹಮೂದ್ ಗವಾನನ 1472ರ ಮದರಸಾದ ಮುಖದಲ್ಲಿ ಆ ಹೆಂಚಿನ ನೀಲಿ ಇಂದಿಗೂ ಚೂರುಚೂರಾಗಿ ಉಳಿದಿದೆ. ಬೀದರ್ ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿನಲ್ಲಿ ಮಾತ್ರ ಹೆಂಚು, ಕಪ್ಪು ಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪು, ಬೋದಿಗೆ ಹೊತ್ತ ಮರದ ಕಂಬ ಎಲ್ಲವೂ ಒಂದೇ ಸೂರಿನಡಿ ಇವೆ. ವಾಡೆಯ ಪಡಸಾಲೆಯ ಹಿರಿಯಕ್ಕನನ್ನು ನಾನು ಅಲ್ಲಿ ಕಾಣುತ್ತೇನೆ.

ನಮ್ಮ ಗೌಂಡಿಗಳ ಮಾತನ್ನೂ ಕೇಳಬೇಕು. ತೊಲೆ, ಜಂತಿ, ಗೋಡೆ ಎನ್ನುವ ಬಾಯಿಂದಲೇ ಕಮಾನು, ಗಿಲಾವು ಎಂಬ ಪಾರಸಿ ಮೂಲದ ಮಾತುಗಳೂ ಬರುತ್ತವೆ. ಎರಡು ಭಾಷೆ ಆಡುತ್ತಿದ್ದೇವೆಂದು ಅವರಿಗೆ ಅನ್ನಿಸುವುದೇ ಇಲ್ಲ.

ನನಗೆ ಸಂಕಟವಾಗುವುದು ಸಿಮೆಂಟಿನಿಂದ. ಅದು ಹೊಸದೆಂಬ ಕಾರಣಕ್ಕಲ್ಲ, ಹಳೆಯದರ ಜೊತೆ ಬಾಳಲಾರದು ಎಂಬ ಕಾರಣಕ್ಕೆ. ಗಚ್ಚಿನ ಗೋಡೆ ನೆಲದ ತೇವವನ್ನು ಹೀರಿ ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬಿದ್ದು, ಅದರೊಳಗಿನ ಉಪ್ಪು ಅರಳಿ, ಕಲ್ಲಿನ ಮುಖವನ್ನೇ ಉದುರಿಸುತ್ತದೆ. ಆ ಯಜಮಾನರ ನಡುಮನೆಯಲ್ಲೂ ಯಾರೋ ಮೊಣಕಾಲೆತ್ತರಕ್ಕಿಂತ ಮೇಲಕ್ಕೆ, ಸೊಂಟದವರೆಗೆ ಸಿಮೆಂಟ್ ಮೆತ್ತಿದ್ದರು. ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ನೆನೆಹಾಕಿಸಿ, ಅದು ಹದಕ್ಕೆ ಬರುವ ತನಕ ವಾರಗಟ್ಟಲೆ ಕಾಯಿರಿ ಎಂದಾಗ ಅವರ ಮುಖ ಸಣ್ಣದಾಯಿತು. ಆದರೂ ಕಾದರು.

ಸಿಮೆಂಟ್ ಕೆತ್ತಿ ತೆಗೆಯುವಾಗ ಅದರ ಹಿಂದೆ ಮುಚ್ಚಿಹೋಗಿದ್ದ ದೀಪದ ಗೂಡೊಂದು ಸಿಕ್ಕಿತು. ಅಂಗೈಯಗಲ, ತುದಿ ಚೂಪಾದ ಪುಟ್ಟ ಕಮಾನು, ಒಳಗೆ ಎಣ್ಣೆಯ ಕರಿ. ಗೌಂಡಿ ಒರೆಸಲು ಬಟ್ಟೆ ಎತ್ತಿದ. ಯಜಮಾನರ ತಾಯಿ ಅವನ ಕೈ ಹಿಡಿದು ತಡೆದು, ಅದೇ ಸಂಜೆ ಅದರಲ್ಲಿ ದೀಪ ಹಚ್ಚಿಟ್ಟರು.