ಹಿಂದಕ್ಕೆ ಬರುವ ದಾರಿ ಮೊದಲು

ನನ್ನ ತರಗತಿಗೆ ಬಂದ ಮೊದಲ ರೈತರ ಬೆರಳನ್ನು ಫೋನು ಗುರುತಿಸಲೇ ಇಲ್ಲ. ತೋರುಬೆರಳಿನಿಂದ ಮುಟ್ಟಿದರು, ಏನೂ ಆಗಲಿಲ್ಲ. ಇನ್ನಷ್ಟು ಬಲವಾಗಿ ಅದುಮಿದರು. ವಾಟ್ಸ್‌ಆಪ್‌ನ ಹಸಿರು ಚಿತ್ರ ಅಲುಗಾಡಿತು, ಜಾಗ ಬಿಟ್ಟು ಮೇಲಕ್ಕೆ ಸರಿಯಿತು, ನೋಡುತ್ತಿದ್ದಂತೆ ಮಾಯವಾಯಿತು. "ನನ್ನ ಕೈಗೆ ಇದು ಒಗ್ಗುವುದಿಲ್ಲ ಮೇಡಂ" ಎಂದು ಫೋನನ್ನು ಮೇಜಿನ ಮೇಲಿಟ್ಟು ಎದ್ದು ನಿಂತರು. ನಲವತ್ತು ವರ್ಷ ತೆಂಗಿನಕಾಯಿ ಸುಲಿದ ಕೈ ಅದು.

ತಪ್ಪು ಅವರದಾಗಿರಲಿಲ್ಲ. ಫೋನಿನ ಗಾಜು ಒತ್ತಡವನ್ನು ಅಳೆಯುವುದಿಲ್ಲ; ಚರ್ಮ ತಾಗಿದಾಗ ಆಗುವ ವಿದ್ಯುತ್ತಿನ ಸಣ್ಣ ಬದಲಾವಣೆಯನ್ನು ಗುರುತಿಸುತ್ತದೆ. ಒಣಗಿ ದಡ್ಡುಗಟ್ಟಿದ ಚರ್ಮ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಒದ್ದೆ ಬಟ್ಟೆಗೆ ಬೆರಳನ್ನೊಮ್ಮೆ ಒರೆಸಿಕೊಂಡು, ತೋರುಬೆರಳಿನ ಬದಲು ಉಂಗುರದ ಬೆರಳಿನಿಂದ ಮೆಲ್ಲಗೆ ತಾಗಿಸಲು ಹೇಳಿದೆ. ತೆರೆಯಿತು. ಬಲವಾಗಿ, ಬಹಳ ಹೊತ್ತು ಒತ್ತಿ ಹಿಡಿದರೆ ಫೋನು ಅದನ್ನು ಬೇರೆಯೇ ಆಜ್ಞೆ ಎಂದು ತಿಳಿಯುತ್ತದೆ, ಚಿತ್ರವನ್ನು ಜಾಗದಿಂದ ಕೀಳಲು ಹೊರಟಿದ್ದಾರೆ ಎಂದುಕೊಳ್ಳುತ್ತದೆ. 'ನನ್ನ ವಾಟ್ಸ್‌ಆಪ್ ಕಳೆದುಹೋಯಿತು' ಎಂದು ಬರುವವರಲ್ಲಿ ಹೆಚ್ಚಿನವರ ಕಥೆ ಇದೇ. ಅದು ಎಲ್ಲಿಗೂ ಹೋಗಿರುವುದಿಲ್ಲ, ಮುಂಬಾಗಿಲಿನಿಂದ ಒಳಕೋಣೆಗೆ ಸರಿದಿರುತ್ತದೆ ಅಷ್ಟೆ.

ನಾನು ತಿಪಟೂರು ಸೀಮೆಯ ಒಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕಿ. 2019ರಲ್ಲಿ ನಮ್ಮ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು, ಆಮೇಲೆ ಬಾಗಿಲ ಮೇಲೆ 'ಅರಿವು ಕೇಂದ್ರ' ಎಂಬ ಹೊಸ ಫಲಕವೂ ಬಂತು. ಪುಸ್ತಕ ಕೇಳಿಕೊಂಡು ಬರುವವರಿಗಿಂತ ಫೋನು ಹಿಡಿದುಕೊಂಡು ಬರುವವರು ಹೆಚ್ಚಾದಾಗ, ವಾರಕ್ಕೆರಡು ಮಧ್ಯಾಹ್ನ ಅವರಿಗೆಂದೇ ಮೀಸಲಿಟ್ಟೆ. ಬರುವವರಿಗೆ ಅಂತರ್ಜಾಲದ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿತ್ತೇ, ಕೊಬ್ಬರಿ ಧಾರಣೆ ಏನಾಯಿತು, ಪಹಣಿಯಲ್ಲಿ ಹೆಸರು ಸರಿಯಾಗಿದೆಯೇ, ದುಬೈಯಲ್ಲಿರುವ ಮಗನ ಮುಖ ನೋಡುವುದು ಹೇಗೆ. ಅವರಿಗೆ ಬೇಕಾದದ್ದು ಇಷ್ಟೇ. ಪಾಠವೂ ಅಲ್ಲಿಂದಲೇ ಶುರುವಾಗಬೇಕು. 'ಇಂಟರ್ನೆಟ್ ಎಂದರೇನು' ಎಂಬ ವ್ಯಾಖ್ಯೆಯಿಂದ ಆರಂಭಿಸಿದ ನನ್ನ ಮೊದಲ ತರಗತಿಗೆ ಒಂಬತ್ತು ಜನ ಬಂದಿದ್ದರು. ಎರಡನೆಯದಕ್ಕೆ ಇಬ್ಬರು.

ಮನೆಯಲ್ಲಿ ಇವರಿಗೆ ಕಲಿಸುವವರು ಯಾರೂ ಇಲ್ಲವೆಂದಲ್ಲ. ಮೊಮ್ಮಕ್ಕಳಿದ್ದಾರೆ. ಆದರೆ ಮೊಮ್ಮಗನ ಪಾಠವೆಂದರೆ "ಕೊಡಿ ಅಜ್ಜಿ ಇಲ್ಲಿ" ಎಂದು ಫೋನು ಕಸಿದುಕೊಳ್ಳುವುದು, ಹೆಬ್ಬೆರಳಿನಿಂದ ನಾಲ್ಕು ಸಲ ತಟತಟನೆ ತಟ್ಟುವುದು, "ನೋಡಿದಿರಾ, ಇಷ್ಟೇ" ಎಂದು ವಾಪಸು ಕೊಡುವುದು. ಅಜ್ಜಿ ನೋಡಿದ್ದು ಮೊಮ್ಮಗನ ಹೆಬ್ಬೆರಳನ್ನು ಮಾತ್ರ. ಅದಕ್ಕೇ ನನ್ನ ತರಗತಿಯಲ್ಲಿ ನನಗೆ ನಾನೇ ಹಾಕಿಕೊಂಡ ಕಟ್ಟಳೆ ಒಂದಿದೆ: ಕಲಿಯುವವರ ಫೋನನ್ನು ನಾನು ಮುಟ್ಟುವುದಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ನಿಲ್ಲುತ್ತೇನೆ. ಇದು ಹೇಳಿದಷ್ಟು ಸುಲಭವಲ್ಲ. ಎದುರಿಗಿದ್ದವರು ಒಂದು ಗುಂಡಿಯನ್ನು ಹುಡುಕುತ್ತ ಎರಡು ನಿಮಿಷ ಕಣ್ಣಾಡಿಸುವಾಗ ಕೈ ತುರಿಸುತ್ತದೆ.

ಅವರನ್ನು ತಡೆಯುವುದು ಬುದ್ಧಿಯ ಕೊರತೆಯಲ್ಲ, ಭಯ. ಒತ್ತಬಾರದ್ದನ್ನು ಒತ್ತಿ ಏನನ್ನೋ ಕೆಡಿಸಿಬಿಟ್ಟರೆ ಎಂಬ ಭಯ. ಹನ್ನೆರಡು ಸಾವಿರ ಕೊಟ್ಟು ಮಗ ತಂದುಕೊಟ್ಟ ವಸ್ತು ಅದು. ಆ ಭಯಕ್ಕೆ 'ಏನೂ ಆಗುವುದಿಲ್ಲ, ಒತ್ತಿ' ಎಂಬ ಧೈರ್ಯದ ಮಾತು ಔಷಧಿಯಲ್ಲ. ಅದು ಸುಳ್ಳು ಕೂಡ. ನಾನು ಕಂಡುಕೊಂಡ ಔಷಧಿ, ಹಿಂದಕ್ಕೆ ಬರುವುದನ್ನು ಮೊದಲು ಕಲಿಸುವುದು. ಸಂತೆಗೆ ಮೊದಲ ಸಲ ಒಬ್ಬನೇ ಹೊರಟ ಹುಡುಗನಿಗೆ ಅಂಗಡಿಗಳ ಪಟ್ಟಿ ಕೊಡುವುದಕ್ಕಿಂತ ಮುಂಚೆ ವಾಪಸು ಬರುವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತೋರಿಸುತ್ತೇವಲ್ಲ, ಹಾಗೆ.

ಆಂಡ್ರಾಯ್ಡ್ ಫೋನುಗಳಲ್ಲಿ ಪರದೆಯ ಕೆಳಗೆ ಮೂರು ಗುರುತುಗಳಿರುತ್ತಿದ್ದವು: ತ್ರಿಕೋನ, ವೃತ್ತ, ಚೌಕ. ತ್ರಿಕೋನ ಒಂದು ಹೆಜ್ಜೆ ಹಿಂದಕ್ಕೆ ಕರೆತರುತ್ತದೆ, ವೃತ್ತ ನೇರವಾಗಿ ಮನೆಗೆ, ಎಂದರೆ ಮೊದಲ ಪರದೆಗೆ, ಮುಟ್ಟಿಸುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ತ್ರಿಕೋನದ ಬದಲು ಬಾಣದ ಮೊನೆ ಇರುತ್ತದೆ, ಅದೂ ಬಲಗಡೆ. ಈಚಿನ ಅನೇಕ ಫೋನುಗಳು ಅಂಗಡಿಯಿಂದ ಬರುವಾಗ ಈ ಮೂರೂ ಇರುವುದೇ ಇಲ್ಲ. ಅಂಚಿನಿಂದ ಬೆರಳು ಎಳೆದರೆ ಹಿಂದಕ್ಕೆ, ಕೆಳಗಿನಿಂದ ಮೇಲಕ್ಕೆ ಎಳೆದರೆ ಮನೆಗೆ ಎಂಬ ಅಡಗಿಸಿಟ್ಟ ಏರ್ಪಾಡು. ಹೊಸಬರಿಗೆ ಇದಕ್ಕಿಂತ ಕ್ರೂರವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕಣ್ಣಿಗೆ ಕಾಣದ ಬಾಗಿಲನ್ನು ಯಾರು ತೆರೆಯುತ್ತಾರೆ? ಸೆಟ್ಟಿಂಗ್ಸ್‌ನಲ್ಲಿ 'ನ್ಯಾವಿಗೇಷನ್' ಎಂದು ಹುಡುಕಿದರೆ ಆ ಮೂರು ಗುಂಡಿಗಳನ್ನು ಮರಳಿ ತರಬಹುದು. ನಿಮ್ಮ ಮನೆಯ ಹಿರಿಯರಿಗೆ ಹೊಸ ಫೋನು ಕೊಡಿಸಿದ್ದರೆ ಇವತ್ತೇ ಮಾಡಿ. ಅಕ್ಷರದ ಗಾತ್ರವನ್ನೂ ಅಲ್ಲೇ ದೊಡ್ಡದು ಮಾಡಿ.

ಮೊದಲ ದಿನ ನಾವು ಮಾಡುವುದು ಇಷ್ಟೇ. ಎಲ್ಲಿ ಬೇಕಾದರೂ ಒತ್ತಿ, ಕಳೆದುಹೋಗಿ, ತ್ರಿಕೋನ ಒತ್ತುತ್ತ ವಾಪಸು ಬನ್ನಿ. ಹಣದ ಆಪ್‌ಗಳನ್ನು ಮಾತ್ರ ಅಂದು ಮುಟ್ಟುವುದಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಕೋಣೆಯಲ್ಲಿ ನಗು ಕೇಳಿಸುತ್ತದೆ.

ಒಮ್ಮೆ ಒಬ್ಬ ಅಜ್ಜಿ ಕೇಳಿದರು: "ಈ ಇಂಟರ್ನೆಟ್ಟು ಫೋನಿನ ಒಳಗಿದೆಯೋ ಹೊರಗಿದೆಯೋ?" ಇಷ್ಟು ಒಳ್ಳೆಯ ಪ್ರಶ್ನೆಯನ್ನು ಪದವೀಧರರೂ ನನಗೆ ಕೇಳಿಲ್ಲ. ಅಂದಿನಿಂದ ಆ ಪ್ರಶ್ನೆಯೇ ಎರಡನೆಯ ದಿನದ ಪಾಠವಾಗಿದೆ. ಮೊಬೈಲ್ ಡೇಟಾವನ್ನೂ ವೈಫೈಯನ್ನೂ ಆರಿಸಲು ಹೇಳುತ್ತೇನೆ. ಈಗ ಫೋಟೋ ತೆಗೆಯಿರಿ. ಬರುತ್ತದೆ. ಹಳೆಯ ಫೋಟೋ ತೆರೆಯಿರಿ. ತೆರೆಯುತ್ತದೆ. ಇವು ಒಳಗಿರುವವು. ಕೊಬ್ಬರಿ ಧಾರಣೆ ಕೇಳಿ. ಇಲ್ಲ. ಅದು ಹೊರಗಿರುವುದು. ಮಗನಿಗೆ ಫೋಟೋ ಕಳುಹಿಸಿ. ವಾಟ್ಸ್‌ಆಪ್ ತೆರೆಯುತ್ತದೆ, ಆದರೆ ಸಂದೇಶದ ಪಕ್ಕದಲ್ಲಿ ಒಂದು ಪುಟ್ಟ ಗಡಿಯಾರ ಕೂತುಬಿಡುತ್ತದೆ. ಡೇಟಾ ಹಾಕಿದೊಡನೆ ಗಡಿಯಾರ ಹೋಗಿ ಟಿಕ್ ಗುರುತು ಬರುತ್ತದೆ. ಆ ಕ್ಷಣದಲ್ಲಿ ಅವರ ಮುಖ ನೋಡಬೇಕು.

ಹೊರಗೆಂದರೆ ಎಲ್ಲಿ? ಆಕಾಶದಲ್ಲಿ ಎಂದೇ ಎಲ್ಲರ ನಂಬಿಕೆ. ನಿಜವಾಗಿ ಗಾಳಿಯಲ್ಲಿ ಬರುವುದು ಟವರಿನಿಂದ ಫೋನಿನವರೆಗೆ ಮಾತ್ರ. ಉಳಿದ ದಾರಿಯ ಬಹುಪಾಲು ನೆಲದಡಿಯ, ಕಡಲಡಿಯ ತಂತಿಯಲ್ಲಿ. ಹೊರದೇಶದ ತಂತಿಗಳು ಮುಂಬೈ, ಚೆನ್ನೈ, ಕೊಚ್ಚಿಯಂಥ ಕಡಲೂರುಗಳಲ್ಲಿ ದಡ ಹತ್ತುತ್ತವೆ. ದುಬೈಯ ಮಗನ ಮುಖ ಸಮುದ್ರದ ತಳದಲ್ಲಿ ಬರುತ್ತದೆ ಎಂದಾಗ ಆ ಅಜ್ಜಿ ಬಹಳ ಹೊತ್ತು ಸುಮ್ಮನಿದ್ದರು. "ಅದಕ್ಕೇ ಕೆಲವು ಸಲ ತಡವಾಗುತ್ತದೆ" ಎಂದರು. ನಾನು ತಿದ್ದಲು ಹೋಗಲಿಲ್ಲ.

ಕನ್ನಡದಲ್ಲಿ ಬರೆಯುವುದನ್ನು ಕಲಿಸಲು ಮೊದಲಿಗೆ ಬಹಳ ಕಷ್ಟಪಟ್ಟೆ. ಒತ್ತಕ್ಷರ ಮೂಡಿಸುವಷ್ಟರಲ್ಲಿ ಕೇಳಬೇಕಾದದ್ದೇ ಮರೆತುಹೋಗುತ್ತದೆ. ಈಗ ನೇರವಾಗಿ ಕೀಲಿಮಣೆಯ ಮೈಕಿನ ಗುರುತನ್ನು ತೋರಿಸುತ್ತೇನೆ. ಕೀಲಿಮಣೆಗೆ ಕನ್ನಡ ಭಾಷೆಯನ್ನು ಸೇರಿಸಿದ್ದರೆ ಮಾತಾಡಿದ್ದು ಅಕ್ಷರವಾಗುತ್ತದೆ. ನಮ್ಮವರು ಯಂತ್ರಕ್ಕೂ ಮರ್ಯಾದೆ ಕೊಡುತ್ತಾರೆ. "ಇವತ್ತಿನ ಕೊಬ್ಬರಿ ಧಾರಣೆ ಎಷ್ಟು ಸ್ವಲ್ಪ ಹೇಳಪ್ಪ" ಎನ್ನುತ್ತಾರೆ. ಅದು 'ಹೇಳಪ್ಪ'ವನ್ನೂ ಬಿಡದೆ ಬರೆದುಕೊಳ್ಳುತ್ತದೆ. ಆದರೂ ಉತ್ತರ ಸಿಗುತ್ತದೆ.

ಉತ್ತರ ಸಿಕ್ಕಿದ ಮೇಲೆ ನಿಜವಾದ ಪಾಠ ಶುರು. ಇದನ್ನು ಹೇಳಿದ್ದು ಯಾರು? ಇಲ್ಲಿ ನನಗೆ ಅಂಚೆ ವಿಳಾಸ ನೆರವಿಗೆ ಬಂತು. ನಾವು ಹೆಸರು, ಊರು, ತಾಲ್ಲೂಕು, ಜಿಲ್ಲೆ ಎಂದು ಬರೆಯುತ್ತೇವೆ, ಚಿಕ್ಕದರಿಂದ ದೊಡ್ಡದಕ್ಕೆ. ಜಾಲತಾಣದ ವಿಳಾಸವೂ ಹಾಗೆಯೇ. ಪಹಣಿ ನೋಡುವ ತಾಣ 'ಲ್ಯಾಂಡ್‌ರೆಕಾರ್ಡ್ಸ್ ಡಾಟ್ ಕರ್ನಾಟಕ ಡಾಟ್ ಗವ್ ಡಾಟ್ ಇನ್'. ಮಾರುಕಟ್ಟೆ ಧಾರಣೆ ಕೊಡುವ ಕೃಷಿ ಮಾರಾಟ ವಾಹಿನಿಯ ವಿಳಾಸದ ಬಾಲವೂ ಅದೇ, ಕರ್ನಾಟಕ ಡಾಟ್ ಗವ್ ಡಾಟ್ ಇನ್. 'ಗವ್ ಡಾಟ್ ಇನ್' ಎಂಬ ಬಾಲ ಸರ್ಕಾರಕ್ಕಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ಮೋಸಗಾರರು 'ಭೂಮಿ', 'ಕರ್ನಾಟಕ', 'ಸರ್ಕಾರ' ಎಂಬ ಮಾತುಗಳನ್ನೆಲ್ಲ ವಿಳಾಸದ ಮುಂಭಾಗದಲ್ಲಿ ತುಂಬುತ್ತಾರೆ. ಲಕೋಟೆಯ ಮೇಲೆ ಹೆಸರು ಏನನ್ನು ಬೇಕಾದರೂ ಬರೆಯಬಹುದು, ನೋಡಬೇಕಾದದ್ದು ಜಿಲ್ಲೆಯನ್ನು. ಆರಂಭದಲ್ಲಿ 'https://' ಎಂದಿದ್ದರೆ ಅದನ್ನು ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯ ತನಕ ಮಾತ್ರ ಓದಿ, ಅದರ ಹಿಂದಿನ ಕೊನೆಯ ತುಂಡುಗಳನ್ನು ನೋಡಿ. ಬ್ಯಾಂಕುಗಳಿಗೂ 'ಬ್ಯಾಂಕ್ ಡಾಟ್ ಇನ್' ಎಂಬ ಪ್ರತ್ಯೇಕ ಬಾಲಕ್ಕೆ ಬದಲಾಗುವಂತೆ ರಿಸರ್ವ್ ಬ್ಯಾಂಕ್ 2025ರಲ್ಲಿ ಸೂಚಿಸಿತು. ನಮ್ಮಂಥವರಿಗೆ ಪಾಠ ಹೇಳಲು ಅದರಿಂದ ದೊಡ್ಡ ಉಪಕಾರವಾಗಿದೆ. ತೊಡಕೆಂದರೆ ವಿಳಾಸವಿರುವುದು ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡವಷ್ಟೇ ಓದಬಲ್ಲವರಿಗೆ 'ಗವ್'ನ ಮೂರು ಅಕ್ಷರಗಳನ್ನು ದನದ ಮೈಮೇಲಿನ ಗುರುತಿನಂತೆ ಆಕಾರದಿಂದ ಪರಿಚಯಿಸುತ್ತೇನೆ.

ಈ ಪಾಠವನ್ನು ನಾನು ಮೊದಲಿನಿಂದ ಮಾಡುತ್ತಿರಲಿಲ್ಲ. ಅದಕ್ಕೆ ದಂಡ ತೆತ್ತವರು ನನ್ನ ವಿದ್ಯಾರ್ಥಿನಿಯೊಬ್ಬರು. ಅಡುಗೆ ಅನಿಲದ ಸಿಲಿಂಡರು ಬರುವುದು ತಡವಾಯಿತೆಂದು ಅವರು ಫೋನಿಗೆ ಕೇಳಿ ಗ್ರಾಹಕ ಸೇವೆಯ ಸಂಖ್ಯೆ ಹುಡುಕಿದರು. ಎಲ್ಲಕ್ಕಿಂತ ಮೇಲಿದ್ದ ಸಂಖ್ಯೆಗೆ ಕರೆ ಮಾಡಿದರು. ಆಚೆಯವನು ನಯವಾಗಿ ಮಾತಾಡಿ, ಒಂದು ಆಪ್ ಹಾಕಿಸಿ, ಅವರ ಪರದೆಯಲ್ಲಿ ಮೂಡಿದ್ದೆಲ್ಲ ತನಗೆ ಕಾಣುವಂತೆ ಮಾಡಿಕೊಂಡ. 6,300 ರೂಪಾಯಿ ಹೋಯಿತು. ಮನೆಯಲ್ಲಿ ಬೈಯುತ್ತಾರೆಂದು ಎರಡು ದಿನ ಯಾರಿಗೂ ಹೇಳಲಿಲ್ಲ. ನನ್ನ ಬಳಿ ಬಂದಾಗ ಅಂದದ್ದು ಒಂದೇ ಮಾತು: "ಏನು ಕೇಳಿದರೂ ಇದು ಹೇಳುತ್ತದೆ ಎಂದು ನೀವೇ ಹೇಳಿಕೊಟ್ಟಿದ್ದಿರಲ್ಲ ಮೇಡಂ."

ಹೌದು, ನಾನೇ ಹೇಳಿಕೊಟ್ಟಿದ್ದೆ. ಮೇಲಿನ ಸಾಲು ದುಡ್ಡು ಕೊಟ್ಟು ಪಡೆದ ಜಾಗವಾಗಿರಬಹುದು, 'ಪ್ರಾಯೋಜಿತ' ಎಂಬ ಸಣ್ಣ ಪದವನ್ನು ಹುಡುಕಬೇಕು, ಅದಿಲ್ಲದಿದ್ದರೂ ಸಂಖ್ಯೆ ಯಾರ ತಾಣದಲ್ಲಿದೆ ಎಂದು ನೋಡಬೇಕು ಎಂಬುದನ್ನು ಹೇಳಿಕೊಟ್ಟಿರಲಿಲ್ಲ. ಅನಿಲ ಸಂಪರ್ಕದ ಪುಸ್ತಕದಲ್ಲೇ ಸರಿಯಾದ ಸಂಖ್ಯೆ ಇತ್ತು. ಈಗ ಗ್ರಾಹಕ ಸೇವೆಯ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಲೇಬೇಡಿ ಎನ್ನುತ್ತೇನೆ: ಪಾಸ್‌ಪುಸ್ತಕ, ರಸೀದಿ, ಎಟಿಎಂ ಕಾರ್ಡಿನ ಬೆನ್ನು, ಅಲ್ಲಿರುವುದೇ ಸಂಖ್ಯೆ. ದುಡ್ಡು ಹೋಯಿತೆಂದು ತಿಳಿದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ದಾಟುತ್ತಿರುವಾಗಲೇ ತಡೆಹಿಡಿಯಲು ಅವಕಾಶವಿದೆ; ಎರಡು ದಿನ ಕಳೆದರೆ ಆಸೆ ಕಡಿಮೆ. ಬೈಗುಳದ ಹೆದರಿಕೆಯಿಂದ ಕಳೆಯುವ ಹೊತ್ತೇ ಕಳ್ಳನಿಗೆ ಸಿಗುವ ಹೊತ್ತು. ಆದ್ದರಿಂದ ಮನೆಯವರಿಗೂ ನನ್ನದೊಂದು ಕೋರಿಕೆ: ಮೊದಲು ಕರೆ ಮಾಡಿಸಿ, ಆಮೇಲೆ ಬೈಯಿರಿ.

ಯುಪಿಐ ಬಗ್ಗೆ ಹೇಳುವುದು ಒಂದೇ ವಾಕ್ಯ. ಪಿನ್ ಒತ್ತುವುದು ದುಡ್ಡು ಕೊಡಲು ಮತ್ತು ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ನೋಡಲು. ಪಡೆಯಲು ಎಂದಿಗೂ ಬೇಡ. ಇದನ್ನು ಬಾಯಲ್ಲಿ ಹೇಳಿದರೆ ಉಳಿಯುವುದಿಲ್ಲ. ಪ್ರತಿಯೊಬ್ಬರಿಗೂ ನನ್ನ ಫೋನಿನಿಂದ ಒಂದೊಂದು ರೂಪಾಯಿ ಕಳುಹಿಸುತ್ತೇನೆ. ಅವರು ಏನನ್ನೂ ಮುಟ್ಟದೆಯೇ ಅದು ಬಂದು ಬೀಳುತ್ತದೆ. ಮುಂದೆ ಯಾರಾದರೂ 'ನಿಮಗೆ ಹಣ ಬರಲಿದೆ, ಪಿನ್ ಹಾಕಿ' ಎಂದಾಗ ಆ ಒಂದು ರೂಪಾಯಿ ನೆನಪಾದರೆ ಸಾಕು.

ಇನ್ನೊಂದು ಸಂಗತಿಯನ್ನು ಯಾರೂ ಗಮನಿಸುವುದಿಲ್ಲ. ಇವರ ಫೋನಿನ ಗೂಗಲ್ ಖಾತೆಯನ್ನು ತೆರೆದವನು ಅಂಗಡಿಯ ಹುಡುಗ. ಗುಪ್ತಪದ ಅವನಿಗೂ ನೆನಪಿಲ್ಲ, ಇವರಿಗಂತೂ ಅಂಥದ್ದೊಂದಿದೆ ಎಂದೇ ಗೊತ್ತಿಲ್ಲ. ಫೋನು ಬಾವಿಗೆ ಬಿದ್ದ ದಿನ ಫೋಟೋ, ಸಂಖ್ಯೆಗಳು ಎಲ್ಲವೂ ಅದರೊಂದಿಗೆ ಹೋಗುತ್ತವೆ. ಗುಪ್ತಪದವನ್ನು ಎಲ್ಲೂ ಬರೆದಿಡಬೇಡಿ ಎಂದು ತಿಳಿದವರು ಹೇಳುತ್ತಾರೆ. ನಾನು ಬರೆದಿಡಿ ಎನ್ನುತ್ತೇನೆ. ನೋಟುಪುಸ್ತಕದಲ್ಲಿ ಬರೆದು, ಪಹಣಿ ಮತ್ತು ಕ್ರಯಪತ್ರ ಇಡುವ ಪೆಟ್ಟಿಗೆಯಲ್ಲಿ ಇಡಿ. ಆ ಪೆಟ್ಟಿಗೆಗೆ ಕೈಹಾಕುವ ಕಳ್ಳನಿಗೆ ನಿಮ್ಮ ಇಮೇಲ್ ಬೇಕಿರುವುದಿಲ್ಲ. ಬ್ಯಾಂಕಿನ ಪಿನ್ ಮಾತ್ರ ಬರೆಯಬೇಡಿ. ಫೋನಿನ ಕವರಿನೊಳಗೆ ಚೀಟಿ ಮಡಚಿಟ್ಟುಕೊಂಡವರನ್ನು ನೋಡಿ ಸಾಕಾಗಿದೆ.

ನವೆಂಬರ್ ಹತ್ತಿರ ಬಂದರೆ ನಮ್ಮಲ್ಲಿ ನಿವೃತ್ತರ ಗುಂಪು ಸೇರುತ್ತದೆ, ಬದುಕಿದ್ದೇವೆ ಎಂದು ತೋರಿಸುವ ಜೀವನ ಪ್ರಮಾಣಪತ್ರಕ್ಕೆ. 2021ರಿಂದ ಅದನ್ನು ಮುಖ ತೋರಿಸಿ ಫೋನಿನಲ್ಲೇ ಮಾಡಿಕೊಳ್ಳಬಹುದು. ಬೆಳಕು ಮುಖದ ಮೇಲೆ ಬೀಳಬೇಕು, ಕಣ್ಣು ಮಿಟುಕಿಸಬೇಕು. ಕಳೆದ ವರ್ಷ ನಿವೃತ್ತ ಮೇಷ್ಟರೊಬ್ಬರು ಮೂರು ಸಲ ಯತ್ನಿಸಿ ಸೋತರು. ನಾಲ್ಕನೆಯ ಸಲ ಹೊರಗಿನ ಜಗಲಿಗೆ ಹೋಗಿ ಬಿಸಿಲಿಗೆ ಮುಖಮಾಡಿ ನಿಂತರು. ಒಳಬಂದಾಗ ಅವರ ಸರದಿಯ ಹಿಂದಿದ್ದವರು ತಮ್ಮ ಫೋನನ್ನು ಅವರ ಮುಂದೆ ಚಾಚಿದರು. ಮೇಷ್ಟರು ನನ್ನ ಕಡೆ ಒಮ್ಮೆ ನೋಡಿ, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ನೀವೇ ಒತ್ತಿ" ಎಂದರು.