ಕಂಪಾಸ್ ಬಾಕ್ಸ್ ಬೇಡುವ ಬಾವುಟ

ಪ್ರಪಂಚದ ಎಲ್ಲ ದೇಶಗಳ ಬಾವುಟಗಳನ್ನು ಸಾಲಾಗಿ ಜೋಡಿಸಿದರೆ ನೇಪಾಳದ್ದು ಮೊದಲು ಕಣ್ಣಿಗೆ ಬೀಳುತ್ತದೆ. ಉಳಿದವಕ್ಕೆಲ್ಲ ನಾಲ್ಕೇ ಮೂಲೆ. ಸ್ವಿಟ್ಜರ್‌ಲೆಂಡ್ ಮತ್ತು ವ್ಯಾಟಿಕನ್ ಬಾವುಟಗಳು ಚೌಕ ಅನ್ನೋದು ಬಿಟ್ಟರೆ ಆಕಾರದಲ್ಲಿ ಹೇಳಿಕೊಳ್ಳುವಂಥದ್ದು ಜಾಸ್ತಿ ಇಲ್ಲ. ನೇಪಾಳದ್ದು ಒಂದರ ಮೇಲೊಂದು ಕೂತ ಎರಡು ತ್ರಿಕೋನ, ಐದು ಮೂಲೆ.

ಆದರೆ ನಿಜವಾದ ಮಜಾ ಇರುವುದು ಅದನ್ನು ಬಿಡಿಸುವ ವಿಧಾನದಲ್ಲಿ. ಅದನ್ನು ಆ ದೇಶದ ಸಂವಿಧಾನದ ಅನುಸೂಚಿ 1ರಲ್ಲೇ ಬರೆದಿದ್ದಾರೆ, ಒಟ್ಟು 24 ಹಂತಗಳಲ್ಲಿ. ಇಷ್ಟು ಸೆಂಟಿಮೀಟರ್, ಇಷ್ಟು ಡಿಗ್ರಿ ಎಂಬ ಮಾತೇ ಇಲ್ಲ. ಕೈಯಲ್ಲಿ ಒಂದು ಕೈವಾರ, ಒಂದು ನೇರಪಟ್ಟಿ ಇದ್ದರೆ ಸಾಕು. ಕರವಸ್ತ್ರದಷ್ಟು ಚಿಕ್ಕದಿರಲಿ, ಮೈದಾನದಷ್ಟು ದೊಡ್ಡದಿರಲಿ, ಅದೇ ಪಾಠ.

ಬೇಕಾದರೆ ಈಗಲೇ ಹಾಳೆ ತೆಗೆದುಕೊಳ್ಳಿ. ಉದಾಹರಣೆಗೆ, ಕೆಳಗೆ 30 ಸೆಂ.ಮೀ. ಅಡ್ಡಗೆರೆ ಎಳೆಯಿರಿ. ಅದರ ಎಡತುದಿಯಿಂದ ನೇರ ಮೇಲಕ್ಕೆ, ಅಡ್ಡಗೆರೆಗಿಂತ ಮೂರನೇ ಒಂದು ಪಾಲು ಜಾಸ್ತಿ, ಅಂದರೆ 40 ಸೆಂ.ಮೀ. ಗೆರೆ. ಆ ನಿಂತ ಗೆರೆಯಲ್ಲಿ 30ಕ್ಕೆ ಒಂದು ಗುರುತು ಹಾಕಿ, ಅಲ್ಲಿಂದ ಅಡ್ಡಗೆರೆಯ ಬಲತುದಿಗೆ ಓರೆಗೆರೆ ಎಳೆಯಿರಿ. ಈಗ ಬಲತುದಿಯಿಂದ ಓರೆಗೆರೆಯ ಮೇಲೆ ಮತ್ತೆ 30 ಅಳೆಯಿರಿ. ಎರಡು ತ್ರಿಕೋನ ಸೇರುವ ಸಂದು ಅದೇ. ಅಲ್ಲಿಂದ ಅಡ್ಡಗೆರೆಗೆ ಸಮಾಂತರವಾಗಿ, ಎಡದ ಗೆರೆಯಿಂದ 30 ಸೆಂ.ಮೀ. ದೂರದವರೆಗೆ ಹೋಗಿ, ಆ ತುದಿಯನ್ನು ನಿಂತ ಗೆರೆಯ ನೆತ್ತಿಗೆ ಸೇರಿಸಿದರೆ ಬಾವುಟದ ಆಕಾರ ಮುಗಿಯಿತು.

ಸಂದು ಎಷ್ಟು ಎತ್ತರದಲ್ಲಿದೆ ಅಂತ ಲೆಕ್ಕ ಹಾಕಿದರೆ 30ನ್ನು 2ರ ವರ್ಗಮೂಲದಿಂದ ಭಾಗಿಸಬೇಕು. ಸುಮಾರು 21.2 ಸೆಂ.ಮೀ. ಬರುತ್ತದೆ, ಸುಮಾರು ಮಾತ್ರ, ಯಾಕೆಂದರೆ ಆ ದಶಾಂಶ ಮುಗಿಯುವುದೇ ಇಲ್ಲ. ಕೈವಾರಕ್ಕೆ ಇದು ಒಂದು ಕ್ಷಣದ ಕೆಲಸ, ಲೆಕ್ಕಕ್ಕೆ ಮಾತ್ರ ತಲೆನೋವು.

ಮುಂದೆ ನೀಲಿ ಅಂಚು ಬರುತ್ತದೆ. ಅಂಚಿನ ಅಗಲ ಎಲ್ಲ ಕಡೆ ಒಂದೇ, ಆದರೆ ಮೂಲೆ ಎಷ್ಟು ಚೂಪೋ ಅಂಚು ಅಲ್ಲಿ ಅಷ್ಟು ಮುಂದೆ ಚಾಚಿಕೊಳ್ಳುತ್ತದೆ. ಮೇಲಿನ ತ್ರಿಕೋನದ ತುದಿ ಕೆಳಗಿನದಕ್ಕಿಂತ ಚೂಪು. ಹಾಗಾಗಿ ಒಳಗೆ ಎರಡೂ ತುದಿಗಳು ಒಂದೇ ಸಮ ಇದ್ದರೂ ಅಂಚು ಸೇರಿದ ಮೇಲೆ ಮೇಲಿನದು ಸ್ವಲ್ಪ ಮುಂದಿರುತ್ತದೆ. ಇದನ್ನು ನಾನು ಎಷ್ಟೋ ದಿನ ಗಮನಿಸಿಯೇ ಇರಲಿಲ್ಲ! ಅಂಚಿಲ್ಲದೆ 4:3 ಇದ್ದ ಎತ್ತರ-ಅಗಲದ ಅನುಪಾತ ಅಂಚು ಸೇರಿದಾಗ 1.21901033... ಆಗುತ್ತದೆ. ಇದು ಅಭಾಗಲಬ್ಧ ಸಂಖ್ಯೆ, ಅಂದರೆ ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಲಾಗದ್ದು. ಇದನ್ನು ಕೊಡುವ ನಾಲ್ಕನೇ ಘಾತದ ಸಮೀಕರಣದ ಮೊದಲ ಗುಣಾಂಕದಲ್ಲೇ 15 ಅಂಕಿಗಳಿವೆ. ನಮ್ಮ ತ್ರಿವರ್ಣದ ಎತ್ತರ-ಅಗಲ 2:3, ಸುಮ್ನೆ ಅಷ್ಟೇ.

ಎರಡು ತ್ರಿಕೋನ ಧ್ವಜಗಳು ಅಲ್ಲಿ ಹಳೆಯವೇ. ಅವನ್ನು ಹಿಮಾಲಯದ ಶಿಖರಗಳು ಎನ್ನುವವರಿದ್ದಾರೆ, ಹಿಂದೂ-ಬೌದ್ಧ ಧರ್ಮಗಳು ಎನ್ನುವವರೂ ಇದ್ದಾರೆ. ಮೇಲೆ ಚಂದ್ರ, ಕೆಳಗೆ 12 ಮೊನೆಗಳ ಸೂರ್ಯ, ಅವು ಇರುವವರೆಗೆ ದೇಶ ಇರಲಿ ಎಂಬ ಆಸೆ. ನಮ್ಮ ಶಾಸನಕಲ್ಲುಗಳ ನೆತ್ತಿಯ ಮೇಲೂ ಇದೇ ಜೋಡಿ ಇರುತ್ತದೆ, ಇದೇ ‘ಆಚಂದ್ರಾರ್ಕ’ದ ಆಸೆಯಿಂದ. ಹಿಂದೆ ಆ ಬಾವುಟದ ಸೂರ್ಯ-ಚಂದ್ರರಿಗೆ ಕಣ್ಣು, ಮೂಗು, ಬಾಯಿ ಇದ್ದವು. ರಾಜ ಮಹೇಂದ್ರರ ಕಾಲದಲ್ಲಿ ಎಂಜಿನಿಯರ್ ಶಂಕರನಾಥ ರಿಮಾಲ್ ಬಾವುಟಕ್ಕೊಂದು ಖಚಿತ ರೂಪ ಕೊಟ್ಟರು, 1962ರ ಡಿಸೆಂಬರ್ 16ರಂದು ಅದು ಜಾರಿಗೆ ಬಂತು, ಮುಖಗಳು ಹೋದವು. 2008ರಲ್ಲಿ ರಾಜಪ್ರಭುತ್ವವೂ ಹೋಯಿತು. ಬಾವುಟ ಮಾತ್ರ ಉಳಿಯಿತು, 2015ರ ಹೊಸ ಸಂವಿಧಾನಕ್ಕೂ ಬಂತು.

ಆ ಅನುಸೂಚಿಯ ಕೊನೆಯಲ್ಲಿ ಒಂದು ವಿವರಣೆ ಇದೆ, ನನಗೆ ತುಂಬಾ ಇಷ್ಟ. ಬಿಡಿಸುವಾಗ ಎಳೆದ ಇಂತಿಂಥ ಗೆರೆಗಳು ಕಾಲ್ಪನಿಕ, ಬಾವುಟದ ಮೇಲೆ ಅವನ್ನು ತೋರಿಸುವುದಿಲ್ಲ ಎನ್ನುತ್ತದೆ. ಪೆನ್ಸಿಲ್ ಗೆರೆ ಅಳಿಸಿ ಅಂತ ಸಂವಿಧಾನವೇ ಹೇಳಿದ ಹಾಗಾಯಿತು, ಅಲ್ವಾ?